ಸೂಲಗಿತ್ತಿಯ ಹೊಟ್ಟೆ

ಸಕೀನಾ ಮಗಳು ರಮೀಜಾಳ ಬಟ್ಟೆಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟದ್ದೇ ಎಡವಟ್ಟಾಯಿತು. ಉಪ್ಪುಗಾಳಿಗೆ ಬೂಷ್ಟು ಹಿಡಿದಿತ್ತು, ಆರಲಿ ಎಂದು ಮನೆಯ ಮುಂದಿನ ಹಗ್ಗದ ಜೋಲಿಕುರ್ಚಿಯ ಮೇಲೆ ಬಾಯಿ ತೆರೆದಿಟ್ಟು ಒಳಗೆ ಹೋದೆ, ಅಷ್ಟೆ ಎಂದು ಅವಳು ಹೇಳುತ್ತಾಳೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಿದಿಲಿಫುಶಿ ದ್ವೀಪದಲ್ಲಿ ತುಂಬು ಬಸುರಿಯ ಮನೆಯೆದುರು ಪೆಟ್ಟಿಗೆ ಕಂಡರೆ ಅದಕ್ಕೆ ಒಂದೇ ಅರ್ಥ, ಅವಳು ಹೆರಿಗೆಗೆಂದು ರಾಜಧಾನಿ ಮಾಲೆಗೆ ಹೊರಟಳು. ಎಂಟನೇ ತಿಂಗಳು ಬಿತ್ತೆಂದರೆ ಹೆಂಗಸರು ರಾಜಧಾನಿಯ ಲಾಂಚು ಹತ್ತಬೇಕು, ಅಲ್ಲಿ ಯಾರೋ ನೆಂಟರ ಮನೆಯ ಕಿಟಕಿಯಿಲ್ಲದ ಕೋಣೆಯಲ್ಲಿ ದಿನ ದೂಡಬೇಕು, ಕೂಸನ್ನು ಎತ್ತಿಕೊಂಡು ಮರಳಬೇಕು. ಇದು ಊರಿಗೆ ರೂಢಿಯಾಗಿ ಎಷ್ಟೋ ಕಾಲವಾಗಿತ್ತು. ದ್ವೀಪದಲ್ಲಿ ಸಾಯುವವರಿದ್ದರು, ಹುಟ್ಟುವವರಿರಲಿಲ್ಲ.

ಊಟದ ಹೊತ್ತಿಗೆ ರಮೀಜಾ ಆರೋಗ್ಯ ಕೇಂದ್ರದಿಂದ ಮನೆಗೆ ಬಂದರೆ ಅಂಗಳದ ತುಂಬ ಹೆಂಗಸರು. ಒಬ್ಬಳು ಮೀನು ತುಂಬಿ ಕರಿದ ಗುಳದ ಡಬ್ಬಿ ಹಿಡಿದಿದ್ದಳು, ಇನ್ನೊಬ್ಬಳ ಕೈಯಲ್ಲಿ ಬಟ್ಟೆ ಸುತ್ತಿದ ರೊಶಿ ರೊಟ್ಟಿ. ದಾರಿಬುತ್ತಿ ಕೊಟ್ಟು, ಕಣ್ಣೊರೆಸಿಕೊಂಡು ಕಳಿಸಿಕೊಡುವ ಸಂಭ್ರಮವೆಲ್ಲ ಸಿದ್ಧವಾಗಿತ್ತು.

"ಯಾರ ಪ್ರಯಾಣ?" ಎಂದಳು ರಮೀಜಾ.

"ನಿಂದೇ."

"ನಾನೆಲ್ಲಿಗೆ ಹೋಗ್ತಿದೀನಿ?"

"ಅದನ್ನ ನೀನು ಹೇಳ್ಬೇಕು. ಪೆಟ್ಟಿಗೆ ನಿಂದು, ಹೊಟ್ಟೆ ನಿಂದು," ಎಂದಳು ದೊನ್ ಮಣಿಕೆ. ಅವಳು ಊರಿನ ಬಾಯಿ. ವೀಳ್ಯ ಅಗಿಯುತ್ತಲೇ ಹೇಳಬೇಕಾದ್ದನ್ನೆಲ್ಲ ಹೇಳುವವಳು, ಹೇಳಬಾರದ್ದನ್ನು ಉಗುಳಿ ಬಂದು ಹೇಳುವವಳು.

ರಮೀಜಾಳಿಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಪೆಟ್ಟಿಗೆಯನ್ನು ಬಿಸಿಲಲ್ಲಿ ಕಂಡಾಗ ಅವಳ ಎದೆಯೊಳಗೇ ಏನೋ ಹಗುರಾಗಿತ್ತು. ಅದು ಅವಳಿಗೆ ಹಿಡಿಸಲಿಲ್ಲ.

ಯಾಕೆಂದರೆ ರಮೀಜಾ ಆ ದ್ವೀಪದ ಸೂಲಗಿತ್ತಿ. ಹಳೆಯ ಕಾಲದವಳಲ್ಲ, ಮಾಲೆಯಲ್ಲಿ ಓದಿ, ತರಗತಿಗೇ ಮೊದಲಿಗಳಾಗಿ ಪಾಸಾಗಿ, ಬಿಳಿ ಅಂಗಿಗೆ ಹೆಸರಿನ ಬಿಲ್ಲೆ ಚುಚ್ಚಿಕೊಂಡು ಬಂದವಳು. ಫೂಳುಮಾ ಎಂದು ಕರೆಸಿಕೊಳ್ಳುತ್ತಿದ್ದ ಹಳೆಯ ಸೂಲಗಿತ್ತಿಯರು ಒಬ್ಬೊಬ್ಬರೇ ತೀರಿಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ, ದ್ವೀಪಗಳು ಲಾಂಚಿನ ದಾರಿ ಹಿಡಿದವು. ಈಗ ಸರಕಾರಕ್ಕೆ ಬುದ್ಧಿ ಬಂದಿತ್ತು. ತೊಂದರೆಯಿಲ್ಲದ ಹೆರಿಗೆ ಊರಲ್ಲೇ ಆಗಲಿ, ದ್ವೀಪಕ್ಕೊಬ್ಬಳು ಕಲಿತ ಸೂಲಗಿತ್ತಿ ಇರಲಿ, ತೊಂದರೆ ಕಂಡವರನ್ನು ಮಾತ್ರ ಅವಳು ಕಳಿಸಲಿ ಎಂದು ತೀರ್ಮಾನವಾಗಿತ್ತು. ಸಣ್ಣ ಸಣ್ಣ ದ್ವೀಪದೇಶಗಳ ಸೂಲಗಿತ್ತಿಯರೆಲ್ಲ ಒಮ್ಮೆ ಮಾಲೆಯಲ್ಲಿ ಸೇರಿದ್ದರು. ಫಿಜಿಯವಳೊಬ್ಬಳು, ಸೆಶೆಲ್ಸಿನವಳೊಬ್ಬಳು, ಎಲ್ಲರದ್ದೂ ಒಂದೇ ಗೋಳು: ಸಮುದ್ರ ಜಾಸ್ತಿ, ಸೂಲಗಿತ್ತಿಯರು ಕಡಿಮೆ. ಅಲ್ಲಿ ರಮೀಜಾ ಮೈಕಿನ ಮುಂದೆ ನಿಂತು, ಹೆಂಗಸರು ನಮ್ಮ ವೃತ್ತಿಯನ್ನು ನಂಬಬೇಕು, ನಮ್ಮಲ್ಲಿ ಯಾರು ಬಂದರೂ ನಂಬಬೇಕು ಎಂದಿದ್ದಳು. ಚಪ್ಪಾಳೆ ಬಿದ್ದಿತ್ತು. ಚಪ್ಪಾಳೆ ಮಾಲೆಯಲ್ಲೇ ಉಳಿಯಿತು, ನಂಬಿಸುವ ಕೆಲಸ ಅವಳ ಜೊತೆ ಊರಿಗೆ ಬಂತು.

ಬಂದ ಮೇಲೆ ಅವಳ ಕೈಯಲ್ಲಿ ಆದದ್ದು ಒಂದೇ ಹೆರಿಗೆ. ಅದೂ ಆ ಹೆಂಗಸು ಲಾಂಚಿಗೆಂದು ಹೊರಟವಳು ಜೆಟ್ಟಿ ಮುಟ್ಟುವ ಮೊದಲೇ ಹೆತ್ತಳು. ಅದನ್ನು ನಂಬಿಕೆಯ ಲೆಕ್ಕಕ್ಕೆ ಸೇರಿಸಲಾಗದು. ಉಳಿದವರೆಲ್ಲ ರಮೀಜಾ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಎಂಟನೇ ತಿಂಗಳಲ್ಲಿ ಪೆಟ್ಟಿಗೆ ಕಟ್ಟಿದರು. ತಾನಾಗಿ ಉಳಿಯುತ್ತೇನೆ ಎಂದವಳು ಜುಲ್ಫಾ ಒಬ್ಬಳೇ. ಅವಳು ದೊನ್ ಮಣಿಕೆಯ ಸೊಸೆ, ಎರಡನೇ ಬಸಿರು. ಮೊದಲ ಕೂಸನ್ನು ಮಾಲೆಯ ಆ ಕೋಣೆಗಳಲ್ಲೊಂದರಲ್ಲಿ ಕೂತು ಕಾದು ಹೆತ್ತಿದ್ದಳು, ಗಂಡ ದೋಣಿಯಲ್ಲಿದ್ದ, ಇವಳು ಗೋಡೆ ನೋಡುತ್ತಿದ್ದಳು. ಇನ್ನೊಮ್ಮೆ ಆ ಗೋಡೆ ನೋಡಲಾರೆ ಎಂದಿದ್ದಳು. ಊರಿನ ಉಳಿದ ಬಸುರಿಯರು ಜುಲ್ಫಾಳ ಮೇಲೆ ಕಣ್ಣಿಟ್ಟಿದ್ದರು. ಅವಳು ನೆಟ್ಟಗೆ ಹೆತ್ತರೆ ತಾವೂ ಉಳಿಯುವವರಿದ್ದರು.

ಹೀಗಿರುವಾಗ ಸೂಲಗಿತ್ತಿಯೇ ಬಸುರಾದಳು. ಜುಲ್ಫಾಳಿಗಿಂತ ತುಸು ಮುಂಚೆಯೇ ದಿನ ತುಂಬುವುದಿತ್ತು.

ಅಂಗಳದ ಹೆಂಗಸರು ಚದುರಿದ ಮೇಲೆ ಜುಲ್ಫಾ ಬಂದಳು. ಓಡಿ ಬಂದಿದ್ದಳೋ ಏನೋ, ಮೆಟ್ಟಿಲ ಮೇಲೆ ಕೂತು ಏದುಸಿರು ಬಿಟ್ಟಳು.

"ದತ್ತಾ, ಅತ್ತೆ ಹೇಳಿದ್ದು ನಿಜಾನಾ? ಹೊರಟಿದೀರಾ?" ಅಕ್ಕನಿಗೆ ದತ್ತಾ, ಅಣ್ಣನಿಗೆ ಬೇಬೆ ಎನ್ನುವುದು ಆ ಊರಿನ ಮಾತು.

"ಪೆಟ್ಟಿಗೆ ಒಣಹಾಕಿದ್ರು ಕಣೇ."

"ಬರೀ ಒಣಹಾಕಿದ್ದಾ?"

ರಮೀಜಾ ಪೆಟ್ಟಿಗೆಯ ಬಾಯಿ ಮುಚ್ಚಲು ಎದ್ದಳು. ಜುಲ್ಫಾ ಅದನ್ನು ಗಮನಿಸಿದಳು.

"ನಾನು ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಇಲ್ಲೇ ಹೆತ್ರೆ ನಾನೂ ಇಲ್ಲೇ. ನೀವು ಲಾಂಚು ಹತ್ತಿದ್ರೆ ನನ್ನ ಪೆಟ್ಟಿಗೇನೂ ಅದೇ ಲಾಂಚಿಗೆ. ಅಷ್ಟೇ."

ಅಲ್ಲಿಗೆ ರಮೀಜಾಳ ಹೊಟ್ಟೆ ಅವಳೊಬ್ಬಳದ್ದಾಗಿ ಉಳಿಯಲಿಲ್ಲ. ಅದು ಯಾವ ಕಡೆ ಹೋಗುತ್ತದೋ ಊರಿನ ಹೊಟ್ಟೆಗಳೆಲ್ಲ ಆ ಕಡೆ ಹೋಗುವವು.

ಗಂಡ ಶಿಹಾಮ್‌ಗೆ ಫೋನು ಮಾಡಿದಳು. ಅವನು ದೂರದ ಪ್ರವಾಸಿ ದ್ವೀಪದಲ್ಲಿ ಅಡುಗೆಯವನು, ಒಳ್ಳೆಯವನು. "ನೀನು ಹೇಗೆ ಹೇಳ್ತೀಯೋ ಹಾಗೆ," ಎಂದ. ಇಂಥ ಹೊತ್ತಲ್ಲಿ ಒಳ್ಳೆಯವರಿಂದ ಏನೂ ಉಪಯೋಗವಿಲ್ಲ. ಸಕೀನಾಳದ್ದು ಬೇರೆಯೇ ರಾಗ. "ಊರಿಗೆ ಉಪಕಾರ ಮಾಡೋಕೆ ನನ್ನ ಮೊಮ್ಮಗುನೇ ಬೇಕಾ ನಿಂಗೆ? ಮಾಲೇಲಿ ನನ್ನ ಚಿಕ್ಕಮ್ಮನ ಮಗಳಿಗೆ ಹೇಳಿಟ್ಟಿದೀನಿ, ಕೋಣೆ ಖಾಲಿ ಮಾಡ್ತಾಳೆ." ದ್ವೀಪದ ಕೌನ್ಸಿಲ್ ಅಧ್ಯಕ್ಷ ಜಲೀಲ್ ಅದಕ್ಕೆ ತದ್ವಿರುದ್ಧ. "ನೀನು ಇಲ್ಲೇ ಹೆರ್ಬೇಕು. ನಿನ್ನ ಕೂಸಿನ ಫೋಟೋ ಆಫೀಸಿನ ಗೋಡೆಗೆ ಹಾಕ್ತೀನಿ," ಎಂದು ಮೊಳೆ ಹೊಡೆಸಿಯೇಬಿಟ್ಟಿದ್ದ.

ಹೆರಿಗೆ ಇಲ್ಲೇ ಆಗಬೇಕೆಂದರೆ ಹೆರಿಗೆ ಮಾಡಿಸುವವರು ಬೇಕಲ್ಲ. ರಮೀಜಾ ಬದಲಿ ಸೂಲಗಿತ್ತಿಗಾಗಿ ಮಾಲೆಯ ಕಚೇರಿಗೆ ಫೋನು ಮಾಡಿದಳು. ಗುಮಾಸ್ತ ಬಹಳ ಹೊತ್ತು ಏನೋ ತಡಕಾಡಿ, ಖುಷಿಯಿಂದ ಹೇಳಿದ: "ಇದಾರೆ. ನಿಮ್ಮ ದ್ವೀಪಗುಂಪಿಗೆಲ್ಲ ಬದಲಿಗೆ ಹೋಗೋರು ಒಬ್ರಿದಾರೆ. ಹೆಸರು ರಮೀಜಾ, ಮಿದಿಲಿಫುಶಿ."

"ಅದು ನಾನೇ."

"ಓ." ಕಾಗದ ಮಗುಚಿದ ಸದ್ದು. "ಹಾಗಾದ್ರೆ ಅನುಕೂಲವೇ ಆಯ್ತಲ್ಲ, ಪ್ರಯಾಣ ಇಲ್ಲ."

ಹೇಗೋ ಜಗ್ಗಾಡಿ, ಬೇಡಿ, ಗದರಿಸಿ, ಕೊನೆಗೆ ದಕ್ಷಿಣದ ತುದಿಯ ದ್ವೀಪದಿಂದ ಒಬ್ಬಳನ್ನು ಕಳಿಸುವುದೆಂದಾಯಿತು. ಇಬ್ಬರ ಹೆರಿಗೆ ಮುಗಿಯುವ ತನಕ ಅವಳು ಇಲ್ಲಿರುವಳು. ಹೆಸರು ಕೇಳಿ ರಮೀಜಾ ಫೋನು ಹಿಡಿದುಕೊಂಡೇ ಕೂತಳು. ಇನಾಶಾ.

ಇನಾಶಾ ಅವಳ ಜೊತೆಯಲ್ಲಿ ಓದಿದವಳು. ಪಾಠದ ನಡುವೆ ಗುನುಗುವವಳು, ಚಪ್ಪಲಿ ಮರೆಯುವವಳು, ಅಂತೂ ಇಂತೂ ಪಾಸಾದವಳು. ಒಂದು ಸಲ ಹೆರಿಗೆ ಕೋಣೆಯಲ್ಲಿ ಬಸುರಿಯೊಬ್ಬಳ ಹೊಟ್ಟೆ ಮುಟ್ಟಿ ನೋಡಿ, ಒಂದೇ ಕೂಸು ಎಂದು ಹೇಳಿಬಿಟ್ಟಿದ್ದಳು. ಸಂಜೆಯೊಳಗೆ ಎರಡು ಹುಟ್ಟಿದವು. ಆ ದಿನ ಇಡೀ ತರಗತಿ ನಕ್ಕಿತ್ತು, ರಮೀಜಾ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಹೆಂಗಸರು ನಮ್ಮಲ್ಲಿ ಯಾರು ಬಂದರೂ ನಂಬಬೇಕು ಎಂದು ಮೈಕಿನಲ್ಲಿ ಹೇಳುವಾಗ ಅವಳ ಮನಸ್ಸಿನಲ್ಲಿ ಇನಾಶಾ ಇರಲಿಲ್ಲ. ನಿಜ ಹೇಳಬೇಕೆಂದರೆ ತನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಲಾಂಚಿನಿಂದ ಇಳಿದ ಇನಾಶಾಳ ಮುಖ ಹಸಿರುಗಟ್ಟಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಸಮುದ್ರಕ್ಕೆ ಒಂದು ಕೊಟ್ಟೆ, ಇನ್ನೊಂದು ಊರಿಗೆ," ಎಂದು ಉಳಿದ ಚಪ್ಪಲಿಯನ್ನೂ ಕಳಚಿ ಕೈಯಲ್ಲಿ ಹಿಡಿದಳು. ಅವಳ ದಕ್ಷಿಣದ ಮಾತು ಕೇಳಿ ಮಕ್ಕಳು ನಕ್ಕವು. ದೊನ್ ಮಣಿಕೆ ಅವಳನ್ನು ತಲೆಯಿಂದ ಬರಿಗಾಲಿನ ತನಕ ನೋಡಿ, "ಇವಳು ಹೇಳೋದು ಅರ್ಧ ಕಿವಿಗೆ ಬೀಳುತ್ತೆ, ಅರ್ಧ ನೀರಿಗೆ ಬೀಳುತ್ತೆ. ಹೆರೋವಾಗ ಜೊತೆಗೊಬ್ಬ ದುಭಾಷಿನೂ ಬೇಕು," ಎಂದಳು.

"ಹೆರೋವಾಗ ನಾನು ಮಾತಾಡಲ್ಲ ಅಮ್ಮಾ, ಹೆರೋರೇ ಮಾತಾಡ್ತಾರೆ," ಎಂದಳು ಇನಾಶಾ. ದೊನ್ ಮಣಿಕೆ ವೀಳ್ಯ ಅಗಿಯುವುದನ್ನೇ ಮರೆತಳು. ಅದು ಊರಲ್ಲಿ ಅಪರೂಪದ ಸಂಗತಿ.

ಇನಾಶಾ ಬಂದವಳೇ ಜುಲ್ಫಾಳನ್ನು ಪರೀಕ್ಷೆ ಮಾಡಿದಳು, ಊರಿನ ಉಳಿದ ಬಸುರಿಯರನ್ನೂ ಕರೆಸಿಕೊಂಡಳು. ರಮೀಜಾ ಮಾತ್ರ ಇವತ್ತು ನಾಳೆ ಎಂದು ತಪ್ಪಿಸಿಕೊಂಡಳು. ಕೊನೆಗೊಂದು ಬೆಳಿಗ್ಗೆ ಇನಾಶಾ ಅವಳ ತೋಳು ಹಿಡಿದು ಆರೋಗ್ಯ ಕೇಂದ್ರದ ಮಂಚದ ಮೇಲೆ ಮಲಗಿಸಿದಳು.

"ನಾನೇ ನೋಡ್ಕೊಂಡಿದೀನಿ ಕಣೇ. ತಲೆ ಕೆಳಗಿದೆ," ಎಂದಳು ರಮೀಜಾ.

"ಬೇರೆ ಯಾರು ನೋಡಿದಾರೆ?"

"ಪಕ್ಕದ ದ್ವೀಪದ ಡಾಕ್ಟ್ರು ಬಂದಿದ್ರು. ತಲೆ ಕೆಳಗೆ ಅಂತ ಬರ್ದಿದಾರೆ."

"ನೋಡಿ ಬರೆದ್ರಾ, ಕೇಳಿ ಬರೆದ್ರಾ?"

ಡಾಕ್ಟರು ರಕ್ತದೊತ್ತಡ ನೋಡಿ, "ನಿಮಗೆ ನಾನೇನು ಹೇಳೋದು, ಕೂಸು ಹೇಗಿದೆ?" ಎಂದು ಕೇಳಿದ್ದರು. ತಲೆ ಕೆಳಗಿದೆ ಎಂದಿದ್ದಳು. ಬರೆದುಕೊಂಡಿದ್ದರು. ಸೂಲಗಿತ್ತಿಯ ಹೊಟ್ಟೆಯನ್ನು ಮುಟ್ಟಿ ನೋಡುವುದು ಅವಳಿಗೆ ಅವಮಾನ ಮಾಡಿದಂತೆ ಎಂದು ಎಲ್ಲರೂ ತಿಳಿದಿದ್ದರು. ಅವಳೂ ತಿಳಿದಿದ್ದಳು. ಕೂಸಿನ ಎದೆಬಡಿತ ಕೇಳಿಸುವ ಯಂತ್ರ ಉಪ್ಪುಗಾಳಿಗೆ ಕೆಟ್ಟು ರಿಪೇರಿಗೆ ಹೋಗಿತ್ತು, ಉಳಿದದ್ದು ಕಿವಿಗಿಟ್ಟು ಕೇಳುವ ಮರದ ಕೊಳವೆ. ತನ್ನ ಹೊಟ್ಟೆಗೆ ತಾನೇ ಕಿವಿ ಕೊಡಲು ಯಾವ ಸೂಲಗಿತ್ತಿಗೂ ಬರುವುದಿಲ್ಲ.

ಇನಾಶಾ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟಳು. ಗುನುಗಲಿಲ್ಲ. ಮೇಲೆ ಒತ್ತಿದಳು, ಪಕ್ಕ ಸವರಿದಳು, ಕೆಳಗೆ ಹಿಡಿದಳು. ಮತ್ತೆ ಮೊದಲಿನಿಂದ ಶುರುಮಾಡಿದಳು. ಕೊಳವೆ ಇಟ್ಟು ಕಿವಿ ಹಚ್ಚಿದಳು, ಜಾಗ ಬದಲಿಸಿದಳು, ಮತ್ತೆ ಹಚ್ಚಿದಳು. ಮತ್ತೊಮ್ಮೆ ಕೈಯಿಟ್ಟಳು.

"ತಲೆ ಮೇಲಿದೆ ರಮೀ. ಕುಂಡೆ ಕೆಳಗೆ."

"ಇಲ್ಲ."

"ಎದೆಬಡಿತ ಹೊಕ್ಕಳಿಗಿಂತ ಮೇಲೆ ಕೇಳ್ತಿದೆ. ಮೊದಲನೇ ಬಸಿರು ಬೇರೆ. ನೀನು ಮಾಲೆಗೆ ಹೋಗ್ಬೇಕು. ಸ್ಕ್ಯಾನ್ ಮಾಡ್ತಾರೆ, ತಿರುಗಿಸೋಕೆ ನೋಡ್ತಾರೆ. ಆಗದಿದ್ರೆ ಆಪರೇಷನ್."

"ನಾನು ದಿನಾ ನೋಡ್ಕೋತಿದೀನಿ. ಮೇಲಿರೋದು ಕುಂಡೆ."

"ನೀನು ಮೇಲಿಂದ ಬಗ್ಗಿ ನೋಡ್ಕೋತಿದೀಯ. ನಾನು ಎದುರಿಂದ ನೋಡ್ತಿದೀನಿ."

ಆಗ ರಮೀಜಾ ಅನ್ನಬಾರದ್ದನ್ನು ಅಂದಳು. "ಅವಳಿ ಕೂಸನ್ನ ಒಂದು ಅಂದವಳು ನೀನು."

ಇನಾಶಾ ಕೊಳವೆಯನ್ನು ಒರೆಸಿ ಪಕ್ಕಕ್ಕಿಟ್ಟಳು. "ಹೌದು. ಅದಾದ ಮೇಲೆ ನಾನು ಒಂದು ಸಲ ಮುಟ್ಟಿ ಯಾವತ್ತೂ ಹೇಳಿಲ್ಲ. ನಿನ್ನ ಮೂರು ಸಲ ಮುಟ್ಟಿದೆ, ನೀನೇ ನೋಡಿದ್ಯಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ರಮೀಜಾಳಿಗೆ ಅನುಕೂಲವಾಗುತ್ತಿತ್ತು.

ಕೋಣೆಗೆ ಬಾಗಿಲಿರಲಿಲ್ಲ, ಪರದೆ ಇತ್ತು. ಪರದೆಯ ಆಚೆ ಬೆಂಚಿನ ಮೇಲೆ ಜುಲ್ಫಾ ಅತ್ತೆಯ ಜೊತೆ ತನ್ನ ಸರದಿಗೆ ಕಾಯುತ್ತ ಕೂತಿದ್ದಳು.

ರಮೀಜಾ ಹೊರಗೆ ಬಂದು ಯಾರ ಮುಖವನ್ನೂ ನೋಡದೆ ಸಮುದ್ರದ ದಂಡೆಗೆ ನಡೆದಳು. ತಲೆಯೊಳಗೆ ಎಲ್ಲ ಕಲಸಿಹೋಗಿತ್ತು. ಇನಾಶಾಳ ಕೈ ತಪ್ಪಿರಬಹುದು, ಹಿಂದೆ ತಪ್ಪಿದೆ. ತನ್ನ ಕೈ ತಪ್ಪಿರಬಹುದೇ? ತನ್ನ ಕೈ ಯಾವತ್ತೂ ತಪ್ಪಿರಲಿಲ್ಲ, ಆದರೆ ಅದು ಬೇರೆಯವರ ಹೊಟ್ಟೆಯ ಮೇಲೆ. ಊರಿಗೆ ಹೇಳಿಬಿಡಬಹುದಿತ್ತು, ಅವಳಿಗೆ ಗೊತ್ತಾಗಿಲ್ಲ, ತಲೆ ಕೆಳಗೇ ಇದೆ ಎಂದು. ಊರು ಇವಳನ್ನೇ ನಂಬುತ್ತಿತ್ತು, ಬರಿಗಾಲಲ್ಲಿ ಬಂದವಳನ್ನಲ್ಲ. ಆದರೆ ಹಾಗೆಂದ ಮೇಲೆ ಜುಲ್ಫಾಳನ್ನು ಯಾರ ಕೈಗೆ ಒಪ್ಪಿಸುವುದು? ಕೂಸಿನ ತಲೆ ಎಲ್ಲಿದೆಯೆಂದು ತಿಳಿಯದವಳ ಕೈಗೋ? ಹೋಗಲಿ, ಇನಾಶಾ ಹೇಳಿದ್ದೇ ಸರಿಯೆಂದು ಲಾಂಚು ಹತ್ತಿದರೆ ಜುಲ್ಫಾ ಹಿಂದೆಯೇ ಹತ್ತುತ್ತಾಳೆ, ಅವಳ ಹಿಂದೆ ಊರೇ ಹತ್ತುತ್ತದೆ. ಹೇಗೆ ಹೊರಳಿಸಿ ನೋಡಿದರೂ ಸೋಲು ತನ್ನ ಕಡೆಗೇ ಬೀಳುತ್ತಿತ್ತು.

ಜಲೀಲ್ ಹುಡುಕಿಕೊಂಡು ಬಂದ. ಸುದ್ದಿ ಆಗಲೇ ಊರು ಸುತ್ತಿತ್ತು.

"ಇನ್ನೊಂದು ಸಲ ನೋಡಿಸಮ್ಮಾ. ಅಷ್ಟರಲ್ಲಿ ತಿರುಗಿರಬಹುದು."

"ತಿರುಗಿರಬಹುದು ಜಲೀಲ್ ಬೇಬೆ. ತಿರುಗದೇನೂ ಇರಬಹುದು."

"ನೀನೇ ಹೀಗಂದ್ರೆ ಹೇಗೆ? ನಿಂಗೆ ಏನನ್ನಿಸುತ್ತೆ, ಅದನ್ನ ಹೇಳು."

"ನಂಗೆ ಗೊತ್ತಿಲ್ಲ."

ಆ ಮಾತನ್ನು ಅವಳು ಈ ಊರಲ್ಲಿ ಯಾರ ಹತ್ತಿರವೂ ಆಡಿರಲಿಲ್ಲ. ಜಲೀಲ್ ತಬ್ಬಿಬ್ಬಾಗಿ, ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಅವನು ಹೋದ ಮೇಲೆ ಕೂಸು ಒದೆಯಿತು. ಕೆಳಗೆ, ಕಿಬ್ಬೊಟ್ಟೆಯಲ್ಲಿ ಒದೆಯಿತು. ಎಷ್ಟೋ ದಿನದಿಂದ ಅಲ್ಲೇ ಒದೆಯುತ್ತಿತ್ತು. ಕೈ ಆಡಿಸುತ್ತಿದೆ, ನೀರು ಜಾಸ್ತಿ ಕುಡಿದಿದ್ದೇನೆ, ಮೂತ್ರ ಕಟ್ಟಿದೆ ಎಂದು ಅವಳು ದಿನಕ್ಕೊಂದು ಕಾರಣ ಕೊಟ್ಟುಕೊಂಡಿದ್ದಳು. ಬೇರೆ ಹೆಂಗಸು ಬಂದು, ದತ್ತಾ ನಂಗೆ ಕೆಳಗೆ ಒದೀತಿದೆ ಎಂದಿದ್ದರೆ ಅವಳನ್ನು ಆ ಕ್ಷಣವೇ ಮಂಚದ ಮೇಲೆ ಮಲಗಿಸುತ್ತಿದ್ದಳು. ರಮೀಜಾಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಕೂಸು ಅವಳದ್ದು, ಅದಕ್ಕೆ ಊರಿನ ಸೋಲುಗೆಲುವು ಒಂದೂ ತಿಳಿಯದು.

ಮನೆಗೆ ಹೋಗಿ, "ನಾಳೆ ಲಾಂಚಿಗೆ ಹೋಗ್ತೀನಿ," ಎಂದಳು. ಸಕೀನಾ ಕೂತಲ್ಲೇ ಕೈಯೆತ್ತಿ ದೇವರಿಗೆ ವಂದಿಸಿದಳು. ತಾಯಿಯ ಆ ಸಂತೋಷ ರಮೀಜಾಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು.

ಮರುದಿನ ಜೆಟ್ಟಿಯಲ್ಲಿ ಅರ್ಧ ಊರು ನೆರೆದಿತ್ತು. ಡಬ್ಬಿಗಳು ಬಂದವು, ಅಪ್ಪುಗೆಗಳಾದವು. ದೊನ್ ಮಣಿಕೆ ಮಗನ ಹೆಗಲ ಮೇಲೆ ಜುಲ್ಫಾಳ ಪೆಟ್ಟಿಗೆ ಹೊರಿಸಿಕೊಂಡು ಬಂದೇಬಂದಳು. ಅದನ್ನು ಕಂಡ ರಮೀಜಾ, ಎರಡು ವರ್ಷ ಮನೆಮನೆ ಸುತ್ತಿ ಕಟ್ಟಿದ್ದು ಹೀಗೆ ಒಬ್ಬನ ಹೆಗಲ ಮೇಲೆ ಕೂತು ಹೋಗುವುದಾಯಿತು ಎಂದುಕೊಂಡಳು.

ಜುಲ್ಫಾ ಹಿಂದಿನಿಂದ ಬಂದಳು, ಇನಾಶಾಳ ಜೊತೆ. ಗಂಡನ ಹತ್ತಿರ ಹೋಗಿ, "ಅದನ್ನ ಯಾಕೆ ತಂದ್ರಿ? ಮನೆಗೆ ತಗೊಂಡು ಹೋಗಿ," ಎಂದಳು.

"ಅಮ್ಮ ಹೇಳಿದ್ರು," ಎಂದ ಅವನು.

"ನೀನೇ ಹೇಳಿದ್ಯಲ್ಲೇ, ಇವಳು ಹೋದ್ರೆ ನೀನೂ ಅಂತ," ದೊನ್ ಮಣಿಕೆ ಬಾಯಿ ಹಾಕಿದಳು.

"ಹೇಳಿದ್ದೆ. ಈಗ ಇಲ್ಲೇ ಇರ್ತೀನಿ."

ರಮೀಜಾಳಿಗೆ ಏನೂ ಅರ್ಥವಾಗಲಿಲ್ಲ. "ನಾನು ಹೋಗ್ತಿದೀನಲ್ಲೇ, ಜುಲ್ಫಾ," ಎಂದಳು, ಇವಳಿಗೆ ವಿಷಯವೇ ತಿಳಿದಿಲ್ಲವೇನೋ ಎಂಬಂತೆ.

"ಗೊತ್ತು ದತ್ತಾ. ನಿನ್ನೆ ಪರದೆ ಆಚೆ ಕೂತು ಎಲ್ಲಾ ಕೇಳಿಸ್ಕೊಂಡೆ. ನೀವು ಅಷ್ಟು ಜೋರು ಮಾಡಿದ್ರೂ ಅವಳು ನಿಮ್ಮನ್ನ ಹೋಗು ಅಂದ್ಬಿಟ್ಳು. ನಿಮಗೇ ಹೋಗು ಅನ್ನೋಳು ನಂಗೆ ತೊಂದರೆ ಇದ್ರೆ ಸುಮ್ನೆ ಇಟ್ಕೋತಾಳಾ? ನಂಗೆ ಇರು ಅಂದಿದಾಳೆ. ಇರ್ತೀನಿ."

"ನಾನೂ ಇರು ಅಂತಾನೇ ಹೇಳಿದ್ನಲ್ಲ."

ಜುಲ್ಫಾ ತುಸು ಅಳುಕಿದಳು. ಆಮೇಲೆ ಹೇಳಿಯೇಬಿಟ್ಟಳು.

"ನೀವು ಎಲ್ಲರಿಗೂ ಇರಿ ಇರಿ ಅಂತಿದ್ರಿ ದತ್ತಾ. ಯಾರಿಗೂ ಹೋಗು ಅಂದಿದ್ದು ನಾನು ಕೇಳಿಲ್ಲ. ಅದಕ್ಕೇ ಎಲ್ಲರಿಗೂ ಭಯ ಆಗ್ತಿತ್ತು. ನಂಗೂನೂ."

ಲಾಂಚಿನವನು ಹಗ್ಗ ಬಿಚ್ಚುತ್ತ, "ಹತ್ತೋರು ಹತ್ತಿ," ಎಂದು ಕೂಗಿದ. ಸಕೀನಾ ಮಗಳ ಕೈಹಿಡಿದು ಹತ್ತಿಸಿದಳು. ರಮೀಜಾ ತಾನಾಗಿ ಹತ್ತಿದಳೋ ಯಾರೋ ಎಳೆದರೋ ಅವಳಿಗೆ ನೆನಪಿಲ್ಲ. ಇನಾಶಾಳಿಗೆ ಹೇಳುವುದು ಬೇಕಾದಷ್ಟಿತ್ತು. ಜುಲ್ಫಾಳಿಗೆ ಹೋದ ಸಲ ರಕ್ತ ತುಸು ಹೆಚ್ಚು ಹೋಗಿತ್ತು, ಅವಳು ನೋವನ್ನು ನುಂಗಿಕೊಳ್ಳುವವಳು, ಕೇಳದೆ ಹೇಳುವವಳಲ್ಲ. ಅಂಚಿಗೆ ಬಗ್ಗಿ ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇನಾಶಾ ಕೈಯಾಡಿಸಿ, ಹೋಗು ಹೋಗು ಎಂದಳು.

"ಯಾಕೆ ಅಳ್ತಿದೀಯ?" ಎಂದು ಕೇಳಿದಳು ಸಕೀನಾ. "ಆ ಹುಡುಗಿ ಉಳ್ಕೊಂಡ್ಳಲ್ಲ. ನಿಂಗೆ ಅದೇ ಬೇಕಿತ್ತಲ್ವಾ?"

"ಹೌದು."

"ಮತ್ತೆ?"

ರಮೀಜಾ ಊರಿನ ಕಡೆಗೆ ಮುಖ ತಿರುಗಿಸಿದಳು. ಗೆದ್ದಿದ್ದಳು. ಗೆದ್ದ ಜಾಗದಲ್ಲಿ ತಾನಿರಲಿಲ್ಲ. ಸಂತೋಷವಾಗಿತ್ತು, ಹೊಟ್ಟೆಕಿಚ್ಚೂ ಆಗಿತ್ತು, ಇಷ್ಟು ದಿನ ತಾನು ಹೇಳಿದ್ದನ್ನು ಯಾರೂ ಯಾಕೆ ನಂಬಲಿಲ್ಲವೆಂದು ಈಗ ತಿಳಿದಿತ್ತು. ಲಾಂಚು ಬಂಡೆಗಳ ಸಾಲು ದಾಟಿತು. ಅಳು ನಿಲ್ಲಲಿಲ್ಲ, ಅವಳು ನಿಲ್ಲಿಸಲೂ ಹೋಗಲಿಲ್ಲ. ಜೆಟ್ಟಿಯ ಮೇಲಿದ್ದವರೆಲ್ಲ ಇನ್ನೂ ಕೈಬೀಸುತ್ತಿದ್ದರು. ಜುಲ್ಫಾ ಮಾತ್ರ ಹಿಂದಿರುಗಿ ನೋಡದೆ, ಇನಾಶಾಳ ಜೊತೆ ಏನೋ ಮಾತಾಡುತ್ತ ಆರೋಗ್ಯ ಕೇಂದ್ರದ ಕಡೆಗೆ ನಡೆಯುತ್ತಿದ್ದಳು.